‘ರಿಪೋರ್ಟ್ ಎಲ್ಲ ನಾರ್ಮಲ್’ ಆದ ಮೇಲೂ ಉಳಿಯುವ ನೋವು: ಮನಸ್ಸಿಗೂ ದೇಹದ ಕಾಯಿಲೆಗೂ ನಂಟು ಎಷ್ಟು?

ಕಬಿನಿ ತೀರ (ಚರ್ಚೆ ಆರಂಭಿಸಿದವರು)

ನನ್ನ ತಾಯಿಯವರಿಗೆ 58 ವರ್ಷ. ಸುಮಾರು ಒಂದು ವರ್ಷದಿಂದ ಅವರಿಗೆ ಆಗಾಗ ಎದೆಯ ನಡುಭಾಗ ಬಿಗಿಹಿಡಿದಂತಾಗುತ್ತದೆ, ಉಸಿರು ಸಾಲದು ಎನಿಸುತ್ತದೆ, ತುಟಿಯ ಸುತ್ತ ಮತ್ತು ಬೆರಳ ತುದಿಗಳಲ್ಲಿ ಜುಮ್ಮೆನ್ನುತ್ತದೆ. ಇ.ಸಿ.ಜಿ., ಎಕೋ, ಟಿ.ಎಂ.ಟಿ., ಎಂಡೋಸ್ಕೋಪಿ ಎಲ್ಲವನ್ನೂ ಮಾಡಿಸಿಯಾಯಿತು. ಯಾವುದರಲ್ಲೂ ದೋಷ ಕಾಣಲಿಲ್ಲ. ಕೊನೆಗೆ ತೋರಿಸಿದ ಆಸ್ಪತ್ರೆಯಲ್ಲಿ ವೈದ್ಯರು ಫೈಲ್ ಮುಚ್ಚಿಟ್ಟು, ‘ರಿಪೋರ್ಟ್ ಎಲ್ಲ ನಾರ್ಮಲ್ ಇದೆ, ನಿಮಗೇನೂ ಇಲ್ಲಮ್ಮ, ಸುಮ್ಮನೆ ಟೆನ್ಶನ್ ಮಾಡಿಕೊಳ್ಳುತ್ತೀರಿ’ ಎಂದು ಹೇಳಿ ನಿದ್ರೆಗೊಂದು ಮಾತ್ರೆ ಬರೆದುಕೊಟ್ಟರು. ಅಂದಿನಿಂದ ಅಮ್ಮ ನೋವಿನ ಮಾತನ್ನೇ ಎತ್ತುತ್ತಿಲ್ಲ. ನೋವು ಮಾತ್ರ ಹೋಗಿಲ್ಲ. ಸೆರಗಿನ ಅಂಚನ್ನು ಎದೆಗೆ ಒತ್ತಿಹಿಡಿದು ಅಡುಗೆಮನೆಯ ಕಟ್ಟೆಗೆ ಒರಗಿ ನಿಲ್ಲುವುದನ್ನು ನಾನೇ ನೋಡಿದ್ದೇನೆ. ಹೇಳಿಕೊಂಡರೆ ನಾಟಕ ಎಂದುಕೊಂಡಾರು ಎಂಬ ಸಂಕೋಚ ಅವರಿಗೆ.

ತಿಳಿದವರಲ್ಲಿ ನನ್ನ ಪ್ರಶ್ನೆ ಇಷ್ಟೆ. ಮನಸ್ಸಿನ ಒತ್ತಡವು ಇಂತಹ ನೋವನ್ನು ನಿಜವಾಗಿಯೂ ಉಂಟುಮಾಡಬಲ್ಲುದೇ? ಮಾಡುವುದಾದರೆ ಹೇಗೆ? ಹೃದ್ರೋಗ, ಅಲ್ಸರ್, ಕ್ಯಾನ್ಸರ್‌ಗಳಿಗೂ ಮನಸ್ಸೇ ಕಾರಣ ಎಂದು ಕೆಲವರು ಹೇಳುವುದರಲ್ಲಿ ಎಷ್ಟು ಹುರುಳಿದೆ? ಧೈರ್ಯ ತುಂಬುವ ಮಾತುಗಳಿಗಿಂತ ಆಧಾರವಿರುವ ಉತ್ತರಗಳು ನನಗೆ ಬೇಕಾಗಿವೆ.

ತಾಲ್ಲೂಕು ವೈದ್ಯ

ನಿಮ್ಮ ತಾಯಿಯವರನ್ನು ನೋಡದೆ ಇದೇ ಕಾಯಿಲೆ ಎಂದು ಹೇಳುವುದು ಸರಿಯಲ್ಲ. ಆದರೆ ನೀವು ಬರೆದಿರುವಂತಹ ಲಕ್ಷಣಗಳು ಕಾಣಿಸಿಕೊಂಡಾಗ ದೇಹದೊಳಗೆ ಏನು ನಡೆಯುತ್ತಿರಬಹುದು ಎಂಬುದನ್ನು ಹೇಳಬಲ್ಲೆ. ಆತಂಕವಾದಾಗ ಮನುಷ್ಯ ತನಗೇ ಅರಿವಿಲ್ಲದಂತೆ ಎದೆಯ ಮೇಲ್ಭಾಗದಿಂದ ಬೇಗ ಬೇಗ ಉಸಿರಾಡತೊಡಗುತ್ತಾನೆ. ಅದರಿಂದ ರಕ್ತದಲ್ಲಿನ ಇಂಗಾಲದ ಡೈಆಕ್ಸೈಡ್ ಇಳಿಯುತ್ತದೆ, ರಕ್ತದ ಕ್ಷಾರಗುಣ ತುಸು ಏರುತ್ತದೆ, ರಕ್ತದಲ್ಲಿ ಬಿಡಿಯಾಗಿ ಓಡಾಡುವ ಕ್ಯಾಲ್ಸಿಯಂ ಪ್ರೋಟೀನಿಗೆ ಅಂಟಿಕೊಂಡು ಕಡಿಮೆಯಾಗುತ್ತದೆ, ಆಗ ನರಗಳು ಸಣ್ಣ ಪ್ರಚೋದನೆಗೂ ಮಿಡಿಯುತ್ತವೆ. ತುಟಿಯ ಸುತ್ತ, ಬೆರಳ ತುದಿಯಲ್ಲಿ ಜುಮ್ಮೆನ್ನುವುದು ಇದರಿಂದಲೇ. ಮಿದುಳಿನ ರಕ್ತನಾಳಗಳು ಕಿರಿದಾಗಿ ತಲೆ ತೇಲಿದಂತಾಗುತ್ತದೆ. ಪಕ್ಕೆಲುಬುಗಳ ನಡುವಿನ ಸ್ನಾಯುಗಳು ದಣಿದು ಎದೆ ಬಿಗಿಯುತ್ತದೆ. ಉಸಿರು ಸಾಲದು ಎಂಬ ಭಯಕ್ಕೆ ಇನ್ನಷ್ಟು ಜೋರಾಗಿ ಉಸಿರೆಳೆದುಕೊಂಡಾಗ ಎಲ್ಲವೂ ಮತ್ತೆ ಮೊದಲಿನಿಂದ ಆರಂಭವಾಗುತ್ತದೆ. ಇದರ ಯಾವ ಹಂತವೂ ಕಲ್ಪನೆಯಲ್ಲ. ಆ ಗಳಿಗೆಯಲ್ಲೇ ರಕ್ತ ತೆಗೆದು ನೋಡಿದರೆ ಬದಲಾವಣೆ ಅಂಕಿಗಳಲ್ಲಿ ಕಾಣುತ್ತದೆ. ಎಲ್ಲ ಶಮನವಾದ ಮೇಲೆ ಮರುದಿನ ಬೆಳಿಗ್ಗೆ ಲ್ಯಾಬಿಗೆ ಹೋಗಿ ಕುಳಿತರೆ ಕಾಣುವುದಿಲ್ಲ.

ಆದ್ದರಿಂದ ‘ನಿಮಗೇನೂ ಇಲ್ಲ’ ಎಂಬ ಮಾತು ವೈದ್ಯಕೀಯವಾಗಿಯೇ ತಪ್ಪು. ‘ನಿಮ್ಮ ಹೃದಯದ ದೊಡ್ಡ ರಕ್ತನಾಳಗಳಲ್ಲಿ ಅಡ್ಡಿಯಿರುವ ಸೂಚನೆ ಕಾಣುತ್ತಿಲ್ಲ, ನೋವು ಬೇರೆ ದಾರಿಯಿಂದ ಬರುತ್ತಿರಬಹುದು’ ಎಂದು ಹೇಳಬೇಕಿತ್ತು. ಎರಡು ವಾಕ್ಯ ಹೆಚ್ಚು ಆಡಬೇಕಾಗುತ್ತದೆ. ಹೊರರೋಗಿ ವಿಭಾಗದ ಸಾಲು ಬಾಗಿಲಿನಿಂದ ಹೊರಗೆ ಚಾಚಿಕೊಂಡಿರುವಾಗ ನಮ್ಮಲ್ಲಿ ಅನೇಕರಿಗೆ ಆ ಎರಡು ವಾಕ್ಯಕ್ಕೆ ವ್ಯವಧಾನ ಇರುವುದಿಲ್ಲ ಎಂಬುದನ್ನು ಒಪ್ಪಿಕೊಳ್ಳುತ್ತೇನೆ. ಅದು ವಿವರಣೆಯೇ ಹೊರತು ಸಮರ್ಥನೆಯಲ್ಲ.

ಇನ್ನೊಂದು ಎಚ್ಚರಿಕೆಯೂ ಅಗತ್ಯ. ಮಧ್ಯವಯಸ್ಸು ದಾಟಿದ ಹೆಂಗಸರ ಎದೆನೋವನ್ನು ಗ್ಯಾಸ್ಟ್ರಿಕ್ ಎಂದೋ ಟೆನ್ಶನ್ ಎಂದೋ ಬೇಗ ತೀರ್ಮಾನಿಸುವ ಚಾಳಿ ಎಲ್ಲ ಕಡೆ ಇದೆ. ಹೃದಯದ ಅತಿ ಸಣ್ಣ ರಕ್ತನಾಳಗಳ ತೊಂದರೆಯಿಂದಲೂ ಎದೆನೋವು ಬರುತ್ತದೆ, ಅದು ಹೆಂಗಸರಲ್ಲಿ ಹೆಚ್ಚು, ಮತ್ತು ಆಂಜಿಯೋಗ್ರಾಂನಲ್ಲಿ ದೊಡ್ಡ ನಾಳಗಳು ಸ್ವಚ್ಛವಾಗಿ ಕಂಡರೂ ಅದು ಇರಬಹುದು. ನಮ್ಮ ದೇಶದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ. 57ರಷ್ಟು ಜನರಿಗೆ ರಕ್ತಹೀನತೆ ಇದೆ ಎಂದು ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತದೆ. ನಿಮ್ಮ ತಾಯಿಯವರು ಆ ವಯಸ್ಸು ದಾಟಿದ್ದರೂ ಹಿಮೋಗ್ಲೋಬಿನ್ ಮತ್ತು ಥೈರಾಯ್ಡ್ ನೋಡಿಸಿದ್ದೀರಾ? ಎದೆ ಡವಗುಟ್ಟುವುದಕ್ಕೆ, ಸುಸ್ತಿಗೆ, ಆತಂಕಕ್ಕೆ ಇವೆರಡೂ ಸಾಕು.

ಅನುಮಾನಿ

ವೈದ್ಯರ ಕೊನೆಯ ಮಾತು ನನಗೆ ಹಿಡಿಸಿತು. ಆದರೆ ಇಡೀ ಚರ್ಚೆಯ ಬಗ್ಗೆಯೇ ನನಗೊಂದು ತಕರಾರಿದೆ. ವೈದ್ಯಶಾಸ್ತ್ರ ತನಗೆ ಅರ್ಥವಾಗದ್ದನ್ನೆಲ್ಲ ಮನಸ್ಸಿನ ತಲೆಗೆ ಕಟ್ಟುತ್ತ ಬಂದಿದೆ. ಇದಕ್ಕೆ ಅಲ್ಸರಿಗಿಂತ ಒಳ್ಳೆಯ ಉದಾಹರಣೆ ಬೇಡ. ಇಪ್ಪತ್ತನೆಯ ಶತಮಾನದ ಬಹುಭಾಗ ಜಠರದ ಹುಣ್ಣು ಎಂದರೆ ಚಿಂತೆಯ, ಅದುಮಿಟ್ಟ ಸಿಟ್ಟಿನ ಕಾಯಿಲೆ ಎಂದೇ ವೈದ್ಯರು ಕಲಿತರು, ಕಲಿಸಿದರು. ರೋಗಿಗಳಿಗೆ ಸಪ್ಪೆ ಊಟ, ವಿಶ್ರಾಂತಿ, ಆಮ್ಲ ಕಡಿಮೆ ಮಾಡುವ ಔಷಧ, ಹೆಚ್ಚಾದರೆ ಶಸ್ತ್ರಚಿಕಿತ್ಸೆ. ಆಸ್ಟ್ರೇಲಿಯದ ಪರ್ತ್ ನಗರದಲ್ಲಿ ರಾಬಿನ್ ವಾರನ್ ಎಂಬ ರೋಗಶಾಸ್ತ್ರಜ್ಞರು ಜಠರದ ಒಳಪದರದ ಮಾದರಿಗಳಲ್ಲಿ ಬಾಗಿದ ಆಕಾರದ ಬ್ಯಾಕ್ಟೀರಿಯಾಗಳನ್ನು ಕಂಡು ಹೇಳಿದಾಗ ಹೆಚ್ಚಿನವರು ಕಿವಿಗೊಡಲಿಲ್ಲ. ಅಷ್ಟು ಆಮ್ಲದಲ್ಲಿ ಜೀವಿಗಳು ಬದುಕುವುದೆಂತು ಎಂದರು. ಅವರ ಜೊತೆಗೂಡಿದ ಯುವ ವೈದ್ಯ ಬ್ಯಾರಿ ಮಾರ್ಷಲ್ 1984ರಲ್ಲಿ ಆ ಬ್ಯಾಕ್ಟೀರಿಯಾಗಳನ್ನು ಬೆಳೆಸಿದ ದ್ರವವನ್ನು ತಾವೇ ಕುಡಿದರು. ಕೆಲವೇ ದಿನಗಳಲ್ಲಿ ವಾಂತಿ, ಬಾಯಿಯ ದುರ್ವಾಸನೆ, ಎಂಡೋಸ್ಕೋಪಿಯಲ್ಲಿ ಜಠರದ ಉರಿಯೂತ. 2005ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಇಂದು ಹೆಲಿಕೋಬ್ಯಾಕ್ಟರ್ ಪೈಲೋರಿ ಇರುವವರಿಗೆ ಎರಡು ವಾರದ ಆ್ಯಂಟಿಬಯಾಟಿಕ್ ಕೋರ್ಸ್ ಕೊಟ್ಟರೆ ಬಹುತೇಕ ಹುಣ್ಣುಗಳು ಮಾಯುತ್ತವೆ.

ಹಾಗಾದರೆ ಅದಕ್ಕೂ ಮೊದಲಿನ ದಶಕಗಳಲ್ಲಿ ‘ನಿಮ್ಮ ಸ್ವಭಾವ ಬದಲಾಯಿಸಿಕೊಳ್ಳಿ’ ಎಂದು ಉಪದೇಶ ಕೇಳಿಸಿಕೊಂಡ ಅಷ್ಟು ಮಂದಿಗೆ ಯಾರು ಉತ್ತರ ಹೇಳುತ್ತಾರೆ? ಕಬಿನಿ ತೀರ ಅವರ ತಾಯಿಯವರ ನೋವಿಗೂ ನಾಳೆ ಇನ್ನಾವುದೋ ಬ್ಯಾಕ್ಟೀರಿಯಾ ಕಾರಣವೆಂದು ತಿಳಿದುಬರುವುದಿಲ್ಲ ಎಂಬುದಕ್ಕೆ ಏನು ಖಾತರಿ?

ಉಪನ್ಯಾಸಕಿ, ಮನೋವಿಜ್ಞಾನ

ಅನುಮಾನಿ ಅವರು ಹೇಳಿದ ಕಥೆಯನ್ನು ನಾನೂ ಪ್ರತಿವರ್ಷ ತರಗತಿಯಲ್ಲಿ ಹೇಳುತ್ತೇನೆ. ಆದರೆ ಅವರು ಅರ್ಧಕ್ಕೆ ನಿಲ್ಲಿಸಿದ್ದಾರೆ. ಆ ಬ್ಯಾಕ್ಟೀರಿಯಾ ಹೊಟ್ಟೆಯಲ್ಲಿರುವ ಹತ್ತು ಜನರಲ್ಲಿ ಹುಣ್ಣಾಗುವುದು ಒಬ್ಬರಿಗೋ ಇಬ್ಬರಿಗೋ. ನಮ್ಮ ದೇಶದಲ್ಲಂತೂ ವಯಸ್ಕರಲ್ಲಿ ಬಹಳಷ್ಟು ಜನ ಅದನ್ನು ಹೊತ್ತುಕೊಂಡೇ ಓಡಾಡುತ್ತಾರೆ. ಉಳಿದವರಿಗೆ ಏಕೆ ಆಗುವುದಿಲ್ಲ ಎಂಬ ಪ್ರಶ್ನೆ ನೊಬೆಲ್ ಬಂದ ಮೇಲೂ ಉಳಿದುಕೊಂಡಿತು. 1995ರ ಜನವರಿಯಲ್ಲಿ ಜಪಾನಿನ ಕೋಬೆ ಪ್ರದೇಶದಲ್ಲಿ ಭಾರಿ ಭೂಕಂಪವಾಯಿತು. ಅದರ ನಂತರ ಅಲ್ಲಿನ ಆಸ್ಪತ್ರೆಗಳಲ್ಲಿ ರಕ್ತಸ್ರಾವವಾಗುವ ಜಠರದ ಹುಣ್ಣುಗಳು, ವಿಶೇಷವಾಗಿ ವಯಸ್ಸಾದವರಲ್ಲಿ, ಎದ್ದು ಕಾಣುವಷ್ಟು ಹೆಚ್ಚಿದವು. ಭೂಮಿ ನಡುಗಿದ್ದರಿಂದ ಬ್ಯಾಕ್ಟೀರಿಯಾ ಹೆಚ್ಚಾಗಲಿಲ್ಲವಷ್ಟೆ. ಡೆನ್ಮಾರ್ಕಿನಲ್ಲಿ ಹುಣ್ಣಿಲ್ಲದ ಮೂರು ಸಾವಿರಕ್ಕೂ ಹೆಚ್ಚು ವಯಸ್ಕರನ್ನು ಹನ್ನೊಂದು ಹನ್ನೆರಡು ವರ್ಷ ಗಮನಿಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆರಂಭದಲ್ಲಿ ಹೆಚ್ಚು ಒತ್ತಡದಲ್ಲಿದ್ದವರಿಗೆ ಕಡಿಮೆ ಒತ್ತಡದವರ ಸುಮಾರು ಎರಡರಷ್ಟು ಪ್ರಮಾಣದಲ್ಲಿ ಹುಣ್ಣಾಯಿತು. ಬ್ಯಾಕ್ಟೀರಿಯಾ ಇದ್ದವರಲ್ಲೂ ಇಲ್ಲದವರಲ್ಲೂ ಒತ್ತಡದ ಪರಿಣಾಮ ಒಂದೇ ತೆರನಾಗಿತ್ತು. ಒತ್ತಡದಲ್ಲಿರುವವರು ಹೆಚ್ಚು ಸಿಗರೇಟು ಸೇದುತ್ತಾರೆ, ಕಡಿಮೆ ನಿದ್ರಿಸುತ್ತಾರೆ, ನೋವಿನ ಮಾತ್ರೆ ನುಂಗುತ್ತಾರೆ ಎಂಬುದರಿಂದ ಪರಿಣಾಮದ ಒಂದು ಪಾಲು ಬರುತ್ತದೆ; ಎಲ್ಲವೂ ಅಲ್ಲಿಂದಲೇ ಬರುವುದಿಲ್ಲ. ಆದ್ದರಿಂದ ‘ಬ್ಯಾಕ್ಟೀರಿಯಾವೋ ಮನಸ್ಸೋ’ ಎಂದು ಕೇಳುವುದರಲ್ಲೇ ಗೊಂದಲವಿದೆ ಎಂದು ನನ್ನ ಅಭಿಪ್ರಾಯ.

ಸಾಂಕ್ರಾಮಿಕ ರೋಗದಲ್ಲೂ ಇದನ್ನು ಪ್ರಯೋಗ ಮಾಡಿಯೇ ನೋಡಿದ್ದಾರೆ. ಶೆಲ್ಡನ್ ಕೋಹೆನ್ ಮತ್ತು ಸಂಗಡಿಗರು ಇಂಗ್ಲೆಂಡಿನ ಸಾಲ್ಸ್‌ಬರಿಯಲ್ಲಿದ್ದ ನೆಗಡಿ ಸಂಶೋಧನಾ ಘಟಕದಲ್ಲಿ 394 ಆರೋಗ್ಯವಂತ ಸ್ವಯಂಸೇವಕರ ಒತ್ತಡವನ್ನು ಪ್ರಶ್ನಾವಳಿಗಳಿಂದ ಅಳೆದು, ನಂತರ ಮೂಗಿಗೆ ನೆಗಡಿಯ ವೈರಾಣುಗಳ ಹನಿ ಹಾಕಿ, ಅವರನ್ನು ಪ್ರತ್ಯೇಕವಾಗಿಟ್ಟು ನೋಡಿದರು. 1991ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಒತ್ತಡ ಅತ್ಯಂತ ಕಡಿಮೆಯಿದ್ದವರಲ್ಲಿ ಶೇ. 27ರಷ್ಟು ಜನರಿಗೆ ನೆಗಡಿ ಬಂದರೆ, ಅತಿ ಹೆಚ್ಚಿದ್ದವರಲ್ಲಿ ಶೇ. 47ರಷ್ಟು ಜನರಿಗೆ ಬಂತು. ಬಳಸಿದ್ದು ಐದು ಬಗೆಯ ವೈರಾಣುಗಳನ್ನು, ಐದರಲ್ಲೂ ಒತ್ತಡದ ಪರಿಣಾಮ ಒಂದೇ ತೆರನಾಗಿತ್ತು; ಹಾಕಿದ ದಾರಿಯೂ ಎಲ್ಲರಿಗೂ ಒಂದೇ.

ನನಗೆ ಇವೆಲ್ಲಕ್ಕಿಂತ ಹೆಚ್ಚು ನಾಟಿದ್ದು ಅಮೆರಿಕದ ಒಹಾಯೋದಲ್ಲಿ ಜಾನಿಸ್ ಕೀಕಾಲ್ಟ್-ಗ್ಲೇಸರ್ ಮತ್ತು ಸಂಗಡಿಗರು ನಡೆಸಿ 1995ರಲ್ಲಿ ಪ್ರಕಟಿಸಿದ ಸಣ್ಣ ಅಧ್ಯಯನ. ಮರೆಗುಳಿತನದ ರೋಗಿಗಳನ್ನು ಮನೆಯಲ್ಲಿ ನೋಡಿಕೊಳ್ಳುತ್ತಿದ್ದ 13 ಹೆಂಗಸರ, ಮತ್ತು ಅವರದೇ ವಯಸ್ಸಿನ, ಅಂತಹ ಹೊರೆಯಿಲ್ಲದ 13 ಹೆಂಗಸರ ಮುಂದೋಳಿನಲ್ಲಿ 3.5 ಮಿಲಿಮೀಟರಿನ ಒಂದೇ ಅಳತೆಯ ಗಾಯ ಮಾಡಿ, ಮಾಯುವುದಕ್ಕೆ ಎಷ್ಟು ದಿನ ಬೇಕೆಂದು ನೋಡಿದರು. ಮೊದಲ ಗುಂಪಿಗೆ ಸರಾಸರಿ 48.7 ದಿನ, ಎರಡನೆಯದಕ್ಕೆ 39.3 ದಿನ. ದೀರ್ಘಕಾಲದ ಒತ್ತಡದಲ್ಲಿ ಕಾರ್ಟಿಸೋಲ್ ಹಾರ್ಮೋನಿನ ಏರಿಳಿತ ಕೆಡುವುದರಿಂದ, ಗಾಯವನ್ನು ಶುಚಿಗೊಳಿಸಿ ಹೊಸ ಅಂಗಾಂಶ ಕಟ್ಟಲು ಬೇಕಾದ ಸಂದೇಶವಾಹಕ ಪ್ರೋಟೀನುಗಳು ಸಕಾಲಕ್ಕೆ ಸಾಕಷ್ಟು ಬರುವುದಿಲ್ಲ. ಅಧ್ಯಯನ ಚಿಕ್ಕದು ಎಂಬ ಆಕ್ಷೇಪಣೆ ನ್ಯಾಯವಾದದ್ದೇ. ಆದರೆ ನಂತರ ಬೇರೆ ಬೇರೆ ಕಡೆ ಬೇರೆ ಬಗೆಯ ಗಾಯಗಳಲ್ಲಿ ನಡೆದ ಕೆಲಸವೂ ಬಹುಮಟ್ಟಿಗೆ ಅದೇ ದಿಕ್ಕಿಗೆ ಬೆರಳು ಮಾಡಿದೆ.

ಕಬಿನಿ ತೀರ

ಮೇಡಂ, ನೀವು ಬರೆದ ಕೊನೆಯ ಅಧ್ಯಯನವನ್ನು ಓದಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ಮೊದಲು ಬರೆಯುವಾಗ ಸಂಬಂಧವಿಲ್ಲವೆಂದು ಬಿಟ್ಟಿದ್ದೆ: ನನ್ನ ಅಜ್ಜಿಗೆ, ಅಂದರೆ ಅಮ್ಮನ ಅತ್ತೆಗೆ, ನಾಲ್ಕು ವರ್ಷದಿಂದ ಮರೆವಿನ ಕಾಯಿಲೆ. ರಾತ್ರಿ ಎದ್ದು ಬಾಗಿಲು ತೆಗೆದು ಹೊರಟುಬಿಡುತ್ತಾರೆ. ಅಮ್ಮ ಚಿಲಕದ ಸದ್ದಿಗೆ ಎಚ್ಚರಾಗುವಂತೆ ಹಾಲ್‌ನಲ್ಲೇ ಚಾಪೆ ಹಾಕಿಕೊಂಡು ಮಲಗುತ್ತಾರೆ. ಯಾವ ವೈದ್ಯರೂ ಮನೆಯಲ್ಲಿ ಯಾರಿದ್ದಾರೆ ಎಂದು ಕೇಳಲಿಲ್ಲ, ನಾವೂ ಹೇಳಲಿಲ್ಲ. ಹಿಮೋಗ್ಲೋಬಿನ್ ನೋಡಿಸಿದ್ದು ಎರಡು ವರ್ಷದ ಹಿಂದೆ. ಥೈರಾಯ್ಡ್ ನೋಡಿಸಿಯೇ ಇಲ್ಲ.

ತೆಂಗಿನ ಸೀಮೆ

ನನ್ನ ಪ್ರಶ್ನೆ ಹೃದಯಕ್ಕೆ ಸಂಬಂಧಿಸಿದ್ದು. ಸಿಡುಕು ಸ್ವಭಾವದವರಿಗೆ, ಸದಾ ಅವಸರದಲ್ಲಿರುವವರಿಗೆ ಹಾರ್ಟ್ ಅಟ್ಯಾಕ್ ಆಗುತ್ತದೆ ಎಂದು ನಮ್ಮ ಕಚೇರಿಗೆ ಬಂದ ತರಬೇತುದಾರರೊಬ್ಬರು ಸ್ಲೈಡ್ ಹಾಕಿ ತೋರಿಸಿದರು. ಇದು ನಿಜವೇ?

ತಾಲ್ಲೂಕು ವೈದ್ಯ

ಆ ಸ್ಲೈಡ್ ಬಹಳ ಹಳೆಯದು. ಫ್ರೀಡ್‌ಮನ್ ಮತ್ತು ರೋಸೆನ್‌ಮನ್ ಎಂಬ ಅಮೆರಿಕದ ಹೃದ್ರೋಗ ತಜ್ಞರು 1959ರಲ್ಲಿ ‘ಟೈಪ್ ಎ’ ಎಂಬ ಸ್ವಭಾವವನ್ನು ಮುಂದಿಟ್ಟರು. ಆರಂಭದಲ್ಲಿ ಬೆಂಬಲ ಸಿಕ್ಕರೂ ನಂತರದ ದೊಡ್ಡ ಅಧ್ಯಯನಗಳಲ್ಲಿ ಆ ನಂಟು ನಿಲ್ಲಲಿಲ್ಲ, ಹಗೆತನ ಎಂಬ ಒಂದು ಅಂಶ ಮಾತ್ರ ಅಲ್ಪಸ್ವಲ್ಪ ಉಳಿದುಕೊಂಡಿತು. ಈ ಸಂಶೋಧನೆಗೆ ತಂಬಾಕು ಉದ್ಯಮ ವರ್ಷಗಟ್ಟಲೆ ಹಣ ಸುರಿದಿತ್ತು ಎಂಬುದು ಆ ಉದ್ಯಮದ್ದೇ ದಾಖಲೆಗಳು ಹೊರಬಿದ್ದಾಗ ತಿಳಿಯಿತು. ಹೃದ್ರೋಗಕ್ಕೆ ಸ್ವಭಾವ ಕಾರಣವಾದರೆ ಸಿಗರೇಟಿನ ಮೇಲಿನ ಆರೋಪ ತಗ್ಗುತ್ತದಲ್ಲ! ಮನಸ್ಸನ್ನು ದೂರುವುದರಿಂದ ಯಾರಿಗೆ ಲಾಭ ಎಂದು ಕೇಳುವ ಅನುಮಾನಿ ಅವರಿಗೆ ಇದು ಉಪಯೋಗಕ್ಕೆ ಬಂದೀತು.

ಆದರೂ ಒತ್ತಡಕ್ಕೆ ಪಾತ್ರವೇ ಇಲ್ಲ ಎನ್ನಲಾಗದು. 2004ರಲ್ಲಿ ಪ್ರಕಟವಾದ ಇಂಟರ್‌ಹಾರ್ಟ್ ಅಧ್ಯಯನ 52 ದೇಶಗಳ ಸುಮಾರು 30,000 ಜನರನ್ನು ಒಳಗೊಂಡಿತ್ತು. ಅದರ ನೇತೃತ್ವ ವಹಿಸಿದ ಸಲೀಂ ಯೂಸುಫ್ ಅವರು ಓದಿದ್ದು ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ. ಧೂಮಪಾನ, ಕೊಲೆಸ್ಟರಾಲ್, ಬಿ.ಪಿ., ಶುಗರ್, ಹೊಟ್ಟೆಯ ಬೊಜ್ಜು ಮುಂತಾದ ಒಂಬತ್ತು ಅಂಶಗಳಲ್ಲಿ ಒತ್ತಡ, ಖಿನ್ನತೆ ಮುಂತಾದ ಮನೋಸಾಮಾಜಿಕ ಅಂಶಗಳೂ ಒಂದಾಗಿ, ಎಲ್ಲ ಖಂಡಗಳಲ್ಲೂ, ಗಂಡಸರಲ್ಲೂ ಹೆಂಗಸರಲ್ಲೂ ಕಂಡುಬಂದವು. ತೀವ್ರ ಆಘಾತದಿಂದ ಹೃದಯ ನೇರವಾಗಿ ಕೆಡುವುದೂ ಉಂಟು. ಮಗನ ಸಾವಿನ ಸುದ್ದಿ ಕೇಳಿ ಕುಸಿದವರ ಇ.ಸಿ.ಜಿ. ಹೃದಯಾಘಾತದಂತೆಯೇ ಇರುತ್ತದೆ, ಆಂಜಿಯೋಗ್ರಾಂ ಮಾಡಿದರೆ ನಾಳಗಳಲ್ಲಿ ಅಡ್ಡಿಯಿಲ್ಲ, ಎಕೋದಲ್ಲಿ ಎಡ ಹೃತ್ಕುಕ್ಷಿಯ (ಹೃದಯದ ಎಡಗಡೆಯ ಕೆಳಕೋಣೆಯ) ತುದಿ ಮಾತ್ರ ಕದಲದೆ ಉಬ್ಬಿಕೊಂಡಿರುತ್ತದೆ. ಜಪಾನಿನ ವೈದ್ಯರು 1990ರಲ್ಲಿ ಇದನ್ನು ಟಾಕೊಟ್ಸುಬೊ ಎಂದು ಗುರುತಿಸಿದರು. ರೋಗಿಗಳಲ್ಲಿ ಬಹುಪಾಲು ಮುಟ್ಟು ನಿಂತ ಹೆಂಗಸರು. ಹೆಚ್ಚಿನವರು ವಾರಗಳಲ್ಲಿ ಚೇತರಿಸಿಕೊಳ್ಳುತ್ತಾರೆ, ಎಲ್ಲರೂ ಅಲ್ಲ.

ಚಿಕಿತ್ಸೆಯ ವಿಷಯದಲ್ಲಿ ಮಾತ್ರ ಫಲಿತಾಂಶ ನಾವು ಬಯಸಿದಷ್ಟು ಸರಳವಾಗಿಲ್ಲ. ಹೃದಯಾಘಾತದ ನಂತರ ಖಿನ್ನತೆಗೆ ಒಳಗಾದವರು ಬೇಗ ಸಾಯುವ ಸಂಭವ ಹೆಚ್ಚು ಎಂಬುದು ಸ್ಪಷ್ಟ. ಹಾಗಾದರೆ ಖಿನ್ನತೆಗೆ ಚಿಕಿತ್ಸೆ ಕೊಟ್ಟರೆ ಸಾವು ತಗ್ಗಬೇಕಲ್ಲವೇ ಎಂದುಕೊಂಡು ಅಮೆರಿಕದಲ್ಲಿ 2,481 ರೋಗಿಗಳ ಮೇಲೆ ನಡೆಸಿದ ಎನ್ರಿಚ್ಡ್ ಪ್ರಯೋಗದ ಫಲಿತಾಂಶ 2003ರಲ್ಲಿ ಬಂತು. ಖಿನ್ನತೆ ತಗ್ಗಿತು, ಸಾವಿನ, ಮರು ಆಘಾತದ ಪ್ರಮಾಣ ತಗ್ಗಲಿಲ್ಲ. ಆದ್ದರಿಂದ ಖಿನ್ನತೆಗೆ ಚಿಕಿತ್ಸೆ ಕೊಡುವುದು ಖಿನ್ನತೆಯೇ ಒಂದು ಯಾತನೆ ಎಂಬ ಕಾರಣಕ್ಕೆ. ಹೃದಯದ ಮಾತ್ರೆಗಳಿಗೆ ಅದು ಬದಲಿಯಲ್ಲ.

ಹೇಮಾವತಿ

ಕ್ಯಾನ್ಸರ್ ಬಗ್ಗೆ ಯಾರೂ ಬರೆದಿಲ್ಲವಾದ್ದರಿಂದ ಕೇಳುತ್ತಿದ್ದೇನೆ. ನನ್ನ ಅಕ್ಕನಿಗೆ ಸ್ತನ ಕ್ಯಾನ್ಸರ್ ಆಗಿ ಕೀಮೋ ನಡೆಯುತ್ತಿದೆ. ನೋಡಲು ಬರುವ ನೆಂಟರೆಲ್ಲರೂ ‘ಪಾಸಿಟಿವ್ ಆಗಿರಬೇಕು, ಅಳಬಾರದು, ಅತ್ತರೆ ರೋಗ ಹೆಚ್ಚುತ್ತದೆ’ ಎನ್ನುತ್ತಾರೆ. ಒಬ್ಬರಂತೂ ‘ನೀನು ಮೊದಲಿನಿಂದ ಎಲ್ಲವನ್ನೂ ಒಳಗೇ ನುಂಗಿಕೊಂಡೆ, ಅದೇ ಗಂಟಾಯಿತು’ ಎಂದರು. ಅಕ್ಕ ಈಗ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅಳುತ್ತಾಳೆ.

ಉಪನ್ಯಾಸಕಿ, ಮನೋವಿಜ್ಞಾನ

ಹೇಮಾವತಿಯವರೇ, ನಿಮ್ಮ ಅಕ್ಕನವರಿಗೆ ದಯವಿಟ್ಟು ಇದನ್ನು ಓದಿ ಹೇಳಿ: ಸಿಟ್ಟನ್ನೋ ದುಃಖವನ್ನೋ ನುಂಗಿಕೊಂಡದ್ದರಿಂದ ಸ್ತನ ಕ್ಯಾನ್ಸರ್ ಬರುತ್ತದೆ ಎಂಬುದಕ್ಕೆ ನಂಬಬಹುದಾದ ಆಧಾರವಿಲ್ಲ. ಕ್ಯಾನ್ಸರಿಗೆ ಗುರಿಯಾಗುವ ಸ್ವಭಾವ ಎಂಬುದೊಂದಿದೆ ಎಂದು ಬಲವಾಗಿ ವಾದಿಸಿದವರು ಬ್ರಿಟನ್ನಿನ ಪ್ರಸಿದ್ಧ ಮನೋವಿಜ್ಞಾನಿ ಹಾನ್ಸ್ ಐಸೆಂಕ್. ಅವರು ಕೆಲಸ ಮಾಡಿದ್ದ ಲಂಡನ್ನಿನ ಕಿಂಗ್ಸ್ ಕಾಲೇಜೇ ವಿಚಾರಣೆ ನಡೆಸಿ, ಈ ವಿಷಯದ ಮೇಲೆ ಅವರು ಸಹಲೇಖಕರಾಗಿ ಬರೆದ 26 ಪ್ರಬಂಧಗಳು ನೆಚ್ಚತಕ್ಕವಲ್ಲ ಎಂದು 2019ರಲ್ಲಿ ಹೇಳಿತು. ಅಲ್ಲಿಯೂ ತಂಬಾಕು ಉದ್ಯಮದ ಹಣವಿತ್ತು.

ಮನೋಬಲದಿಂದ ಆಯುಸ್ಸು ಹೆಚ್ಚುತ್ತದೆ ಎಂಬ ನಂಬಿಕೆಗೆ ದೊಡ್ಡ ಆಸರೆಯಾದದ್ದು ಡೇವಿಡ್ ಸ್ಪೀಗಲ್ ಅವರ 1989ರ ಪ್ರಬಂಧ. ದೇಹದ ಬೇರೆ ಭಾಗಗಳಿಗೆ ಹರಡಿದ ಸ್ತನ ಕ್ಯಾನ್ಸರ್ ಇದ್ದ 86 ಹೆಂಗಸರಲ್ಲಿ, ವಾರಕ್ಕೊಮ್ಮೆ ಗುಂಪಿನಲ್ಲಿ ಕುಳಿತು ಮನಬಿಚ್ಚಿ ಮಾತನಾಡಿದವರು ಸರಾಸರಿ 36.6 ತಿಂಗಳು, ಉಳಿದವರು 18.9 ತಿಂಗಳು ಬದುಕಿದರು. ಇದನ್ನು ಓದಿದ ಯಾರಿಗಾದರೂ ಆಸೆ ಹುಟ್ಟಬೇಕಾದದ್ದೇ. ಆದರೆ ಕೆನಡಾದಲ್ಲಿ 235 ಹೆಂಗಸರೊಡನೆ ಅದೇ ವಿಧಾನವನ್ನು ಮತ್ತೆ ಮಾಡಿ ನೋಡಿ 2001ರಲ್ಲಿ ಪ್ರಕಟಿಸಿದಾಗ ಆಯುಸ್ಸಿನಲ್ಲಿ ವ್ಯತ್ಯಾಸ ಕಾಣಲಿಲ್ಲ. ಸ್ಪೀಗಲ್ ಅವರದೇ ಮರುಪ್ರಯೋಗದಲ್ಲೂ ಒಟ್ಟಾರೆ ಕಾಣಲಿಲ್ಲ. ಕೆನಡಾದ ಗುಂಪಿನಲ್ಲಿ ಬದಲಾದದ್ದು ಬೇರೆ: ಹೆಚ್ಚು ಸಂಕಟದಲ್ಲಿದ್ದವರ ಮನಸ್ಸು ಹಗುರಾಯಿತು, ನೋವಿನ ಅನುಭವ ತಗ್ಗಿತು. ನನ್ನ ಮಟ್ಟಿಗೆ ಅದು ಸಣ್ಣ ಲಾಭವಲ್ಲ. ಇನ್ನು, ಆ ಗುಂಪುಗಳಲ್ಲಿ ಮಾಡುತ್ತಿದ್ದುದು ಸಾವಿನ ಭಯ, ಸಿಟ್ಟು, ಅಳು ಎಲ್ಲವನ್ನೂ ಹೊರಗೆ ಹೇಳಿಕೊಳ್ಳುವ ಕೆಲಸ. ನೆಂಟರು ಕೊಡುತ್ತಿರುವ ಸಲಹೆ ಅದಕ್ಕೆ ನೇರ ವಿರುದ್ಧ. ಅಳು ಬಂದರೆ ನಲ್ಲಿ ಬಿಡುವ ಅಗತ್ಯವಿಲ್ಲ ಎಂದು ಹೇಳಿ.

ಅನುಮಾನಿ

ಮೇಡಂ, ಈ ಮಟ್ಟಿಗೆ ನಮ್ಮಿಬ್ಬರಲ್ಲಿ ಜಗಳವಿಲ್ಲ. ಮನಸ್ಸು ದೇಹದ ಮೇಲೆ ಪರಿಣಾಮ ಬೀರುತ್ತದೆ ಎಂಬುದನ್ನು ಒಪ್ಪುತ್ತೇನೆ. ಆ ಮಾತನ್ನು ರೋಗಿಯ ಮೇಲೆ ತಪ್ಪು ಹೊರಿಸಲು ಬಳಸುವುದನ್ನು ಮಾತ್ರ ಒಪ್ಪಲಾರೆ.

ಎರಡನೆಯ ತಮ್ಮ

ಇದರ ಇನ್ನೊಂದು ಮಗ್ಗುಲನ್ನು ಹೇಳಬೇಕಾಗಿದೆ. ನನ್ನ ಅಣ್ಣನಿಗೆ ಸ್ಕಿಜೋಫ್ರೇನಿಯಾ. ಅನೇಕ ವರ್ಷಗಳಿಂದ ಔಷಧ ತೆಗೆದುಕೊಳ್ಳುತ್ತ, ಮನೆಯ ಅಂಗಡಿಯ ಲೆಕ್ಕ ನೋಡಿಕೊಂಡು ಚೆನ್ನಾಗಿಯೇ ಇದ್ದಾನೆ. ಹೊಟ್ಟೆನೋವು ಎಂದು ತುರ್ತು ವಿಭಾಗಕ್ಕೆ ಕರೆದೊಯ್ದಾಗ ಅವನ ಹಳೆಯ ಚೀಟಿಯ ಮೇಲೆ ಮನೋರೋಗ ವಿಭಾಗದ ಮೊಹರು ನೋಡಿದ ಕಿರಿಯ ವೈದ್ಯರು ಹೊಟ್ಟೆಯನ್ನು ಮುಟ್ಟಿಯೂ ನೋಡದೆ, ನಾಳೆ ಮನೋವೈದ್ಯರಿಗೆ ತೋರಿಸಿ ಎಂದರು. ಎರಡು ದಿನದ ನಂತರ ಬೇರೆ ಕಡೆ ಎಕ್ಸ್‌ರೇ ಮಾಡಿಸಿದಾಗ ಕರುಳು ಕಟ್ಟಿಕೊಂಡಿತ್ತು. ಅವನು ತೆಗೆದುಕೊಳ್ಳುವ ಕ್ಲೋಜಪಿನ್ ಕರುಳಿನ ಚಲನೆಯನ್ನು ನಿಧಾನಗೊಳಿಸುತ್ತದೆ, ತೀವ್ರ ಮಲಬದ್ಧತೆ ಪ್ರಾಣಕ್ಕೇ ಅಪಾಯ ತರಬಹುದು ಎಂಬುದು ಆ ಔಷಧದ ಬಗ್ಗೆ ಎಲ್ಲೆಡೆ ಕೊಡುವ ಎಚ್ಚರಿಕೆ. ಅಣ್ಣ ಬದುಕಿದ. ಮನಸ್ಸಿನ ಕಾಯಿಲೆ ಇರುವವನಿಗೆ ದೇಹವೂ ಇರುತ್ತದೆ ಎಂಬುದನ್ನು ಆಸ್ಪತ್ರೆಯವರಿಗೆ ನೆನಪಿಸಬೇಕಾಗಿ ಬಂದದ್ದು ಮಾತ್ರ ಇನ್ನೂ ಮನಸ್ಸಿನಿಂದ ಹೋಗಿಲ್ಲ.

ತಾಲ್ಲೂಕು ವೈದ್ಯ

ನಿಮ್ಮ ಅಣ್ಣನವರ ಅನುಭವ ಅಪರೂಪದ್ದಲ್ಲ. ತೀವ್ರ ಮಾನಸಿಕ ಕಾಯಿಲೆ ಇರುವವರು ಉಳಿದವರಿಗಿಂತ 10ರಿಂದ 20 ವರ್ಷ ಮುಂಚೆ ಸಾಯುತ್ತಾರೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅದರ ಬಹುಪಾಲು ತಡೆಯಬಹುದಾದ ದೈಹಿಕ ಕಾಯಿಲೆಗಳಿಂದ. ಈ ಔಷಧಗಳಲ್ಲಿ ಕೆಲವು ತೂಕವನ್ನೂ ಶುಗರನ್ನೂ ಏರಿಸುತ್ತವೆ. ತೂಕ, ಸೊಂಟದ ಸುತ್ತಳತೆ, ಬಿ.ಪಿ., ಶುಗರ್, ಕೊಲೆಸ್ಟರಾಲ್‌ಗಳನ್ನು ಕಾಲಕಾಲಕ್ಕೆ ನೋಡುವಂತೆ ನೀವೇ ಕೇಳಿ. ಮಲವಿಸರ್ಜನೆಯ ಬಗ್ಗೆ ಯಾರೂ ವಿಚಾರಿಸದಿದ್ದರೆ ಅದನ್ನೂ ನೀವೇ ಹೇಳಿ.

ದಾದಿ, ಉತ್ತರ ಕನ್ನಡ

ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೆಲಸ ಮಾಡುವ ನನ್ನಂಥವರು ದಿನವೂ ಕಾಣುವುದನ್ನು ಹೇಳುತ್ತೇನೆ. ‘ನನಗೆ ಖಿನ್ನತೆಯಾಗಿದೆ’ ಎಂದು ಯಾವ ಹೆಂಗಸೂ ಬರುವುದಿಲ್ಲ. ಮೈಕೈ ನೋವು, ಸೊಂಟ ಬಿದ್ದು ಹೋಗುವ ಹಾಗೆ ನೋವು, ತಲೆಸುತ್ತು, ಕಣ್ಣು ಕತ್ತಲೆ, ಬಿಳಿ ಮುಟ್ಟು, ಊಟ ಸೇರುವುದಿಲ್ಲ ಎಂದು ಬರುತ್ತಾರೆ. ನಾವು ಕಬ್ಬಿಣದ ಮಾತ್ರೆ, ವಿಟಮಿನ್ ಮಾತ್ರೆ, ಸೋಂಕಿನ ಮಾತ್ರೆ ಕೊಟ್ಟು ಕಳುಹಿಸುತ್ತೇವೆ; ತಿಂಗಳಿಗೆ ಮತ್ತೆ ಬರುತ್ತಾರೆ. ನಮ್ಮ ಪಕ್ಕದ ಗೋವಾದಲ್ಲಿ ವಿಕ್ರಮ್ ಪಟೇಲ್ ಮತ್ತು ಸಂಗಡಿಗರು ಎರಡು ಸಾವಿರಕ್ಕೂ ಹೆಚ್ಚು ಹೆಂಗಸರನ್ನು ಪರೀಕ್ಷಿಸಿ ನೋಡಿದಾಗ, ಬಿಳಿ ಮುಟ್ಟಿನ ದೂರಿಗೆ ಜನನಾಂಗದ ಸೋಂಕಿಗಿಂತ ಹೆಚ್ಚು ಬಲವಾದ ನಂಟು ಇದ್ದದ್ದು ಮನೋಸಂಕಟದ ಜೊತೆಗೆ, ಸಂಸಾರದ ಕಷ್ಟಗಳ ಜೊತೆಗೆ. ತರಬೇತಿಯಲ್ಲಿ ಇದನ್ನು ಕೇಳಿದ ಮೇಲೆ ನಾನು ಮಾತ್ರೆ ಎಣಿಸಿಕೊಡುವಾಗ ‘ನಿದ್ದೆ ಹೇಗೆ ಬರ್ತದೆ? ಮನೆಯಲ್ಲಿ ಎಲ್ಲ ಸಮ ಉಂಟಾ?’ ಎಂದು ಕೇಳಲು ಶುರುಮಾಡಿದೆ. ಕೆಲವರು ಉತ್ತರಿಸದೆ ಹೋಗುತ್ತಾರೆ. ಕೆಲವರು ಹೋದವರು ಬಾಗಿಲಿನಿಂದ ಹಿಂದಿರುಗಿ ಬಂದು ಕುಳಿತುಕೊಳ್ಳುತ್ತಾರೆ. ಗೋವಾದಲ್ಲೇ, ವೈದ್ಯರಲ್ಲದ ಸ್ಥಳೀಯರಿಗೆ ತರಬೇತಿ ಕೊಟ್ಟು ಅವರಿಂದ ಆಪ್ತಸಮಾಲೋಚನೆ ಮಾಡಿಸಿದಾಗ ತೀವ್ರ ಖಿನ್ನತೆ ಇದ್ದವರಿಗೂ ಗುಣ ಕಂಡಿದೆ ಎಂದು 2017ರಲ್ಲಿ ಪ್ರಕಟವಾಗಿದೆ. ನಮ್ಮ ಕೇಂದ್ರಗಳಲ್ಲಿ ಅದಕ್ಕೊಂದು ಕೋಣೆ ಎಲ್ಲಿಂದ ತರುವುದು ಎಂಬುದು ಬೇರೆ ಮಾತು. ತೂಕ ನೋಡುವ ಮೂಲೆಯೇ ನಮಗೆ ಆಪ್ತಸಮಾಲೋಚನೆಯ ಜಾಗ.

ದೂರದೂರು

ನಾನು ಲಂಡನ್ನಿನಲ್ಲಿರುವ ಕನ್ನಡಿಗ. ನಿರೀಕ್ಷೆ ಎಂಬ ಒಂದು ಸಂಗತಿ ಇಲ್ಲಿ ಬಿಟ್ಟುಹೋಗಿದೆ. ಕೊಲೆಸ್ಟರಾಲಿನ ಸ್ಟ್ಯಾಟಿನ್ ಮಾತ್ರೆಯಿಂದ ಮೈನೋವಿನಂತಹ ತೊಂದರೆಗಳು ಬರುತ್ತವೆ ಎಂದು ನಿಲ್ಲಿಸಿದ್ದ 60 ಜನರ ಮೇಲೆ ಇಲ್ಲಿನ ಇಂಪೀರಿಯಲ್ ಕಾಲೇಜಿನವರು ಒಂದು ಪ್ರಯೋಗ ಮಾಡಿ 2020ರಲ್ಲಿ ಪ್ರಕಟಿಸಿದರು. ಪ್ರತಿಯೊಬ್ಬರಿಗೂ ಒಂದು ವರ್ಷಕ್ಕೆ ಹನ್ನೆರಡು ಬಾಟಲಿ: ನಾಲ್ಕರಲ್ಲಿ ಸ್ಟ್ಯಾಟಿನ್, ನಾಲ್ಕರಲ್ಲಿ ಔಷಧವಿಲ್ಲದ ಮಾತ್ರೆ, ನಾಲ್ಕು ಖಾಲಿ. ಯಾವ ಮಾತ್ರೆಯಲ್ಲಿ ಔಷಧವಿದೆ ಎಂಬುದು ರೋಗಿಗೆ ಗೊತ್ತಿಲ್ಲ. ಸ್ಟ್ಯಾಟಿನ್ ತಿಂದಾಗ ಹೆಚ್ಚಿದ ತೊಂದರೆಯ ಶೇ. 90ರಷ್ಟು, ಔಷಧವಿಲ್ಲದ ಮಾತ್ರೆ ತಿಂದಾಗಲೂ ಬಂತು. ಜನ ಸುಳ್ಳು ಹೇಳುತ್ತಿರಲಿಲ್ಲ. ನೋವು ನಿಜವೇ ಆಗಿತ್ತು, ಬರುತ್ತದೆ ಎಂದು ಕಾದಿದ್ದರಿಂದ ಬಂದಿತ್ತು. ಅವರವರ ಫಲಿತಾಂಶವನ್ನು ಅವರವರಿಗೆ ತೋರಿಸಿದ ಮೇಲೆ ಅರ್ಧದಷ್ಟು ಜನ ಮಾತ್ರೆಯನ್ನು ಮತ್ತೆ ಆರಂಭಿಸಿದರು. ಊರಿನಲ್ಲಿರುವ ನನ್ನ ತಂದೆಯವರು ವಾಟ್ಸ್‌ಆ್ಯಪ್‌ನಲ್ಲಿ ಬಂದ ಯಾವುದೋ ವಿಡಿಯೋ ನೋಡಿ ಸ್ಟ್ಯಾಟಿನ್ ಬಿಟ್ಟಿದ್ದಾರೆ. ಅವರಿಗೆ ಇದನ್ನು ಕನ್ನಡದಲ್ಲಿ ವಿವರಿಸಲು ಹೆಣಗುತ್ತಿದ್ದೇನೆ.

ಕಬಿನಿ ತೀರ

ಎಲ್ಲರಿಗೂ ಕೃತಜ್ಞತೆಗಳು. ಹೊಸ ಪರೀಕ್ಷೆಯಲ್ಲಿ ಅಮ್ಮನ ಹಿಮೋಗ್ಲೋಬಿನ್ 9.4 ಇದೆ, ಥೈರಾಯ್ಡ್ ಸರಿಯಿದೆ. ಎದೆ ಬಿಗಿಯುವುದಕ್ಕೂ ಅಜ್ಜಿ ರಾತ್ರಿ ಎದ್ದು ಓಡಾಡಿದ ಮರುದಿನಕ್ಕೂ ಏನಾದರೂ ಸಂಬಂಧ ಇದೆಯೇ ಎಂದು ಅಮ್ಮನನ್ನು ಕೇಳಿದೆ. ‘ಇರಬಹುದು ಕಣೋ, ನಾನು ಹೇಳಿದರೆ ಅಜ್ಜಿಯ ಮೇಲೆ ಹೇಳಿದ ಹಾಗಾಗುತ್ತದೆ’ ಎಂದರು. ವೈದ್ಯರೇ, ಇನ್ನು ಮುಂದೆ ಏನು ಮಾಡಬೇಕು? ಆ ನಿದ್ರೆಯ ಮಾತ್ರೆ ಆಲ್ಪ್ರಜೋಲಾಮ್; ಅದನ್ನು ನಿಲ್ಲಿಸಿಬಿಡಬಹುದೇ?

ತಾಲ್ಲೂಕು ವೈದ್ಯ

ಹಠಾತ್ತನೆ ನಿಲ್ಲಿಸಬೇಡಿ. ಆ ಮಾತ್ರೆಗೆ ದೇಹ ಬೇಗ ಒಗ್ಗಿಕೊಳ್ಳುತ್ತದೆ; ಒಮ್ಮೆಗೇ ಬಿಟ್ಟರೆ ಆತಂಕ, ನಿದ್ರಾಹೀನತೆ ಮೊದಲಿಗಿಂತ ಜೋರಾಗಿ ಮರಳುತ್ತವೆ, ಕೆಲವರಿಗೆ ಫಿಟ್ಸ್ ಕೂಡ ಬರಬಹುದು. ಎಷ್ಟು ತಿಂಗಳಿನಿಂದ, ಎಷ್ಟು ಮಿಲಿಗ್ರಾಂ ತೆಗೆದುಕೊಳ್ಳುತ್ತಿದ್ದಾರೆ ಎಂಬುದನ್ನು ಬರೆದುಕೊಂಡು ಹೋಗಿ ವೈದ್ಯರ ಮಾರ್ಗದರ್ಶನದಲ್ಲೇ ಹಂತಹಂತವಾಗಿ ಇಳಿಸಿ. 9.4 ಎಂಬುದು ಕಡೆಗಣಿಸುವ ಅಂಕಿಯಲ್ಲ. ಮುಟ್ಟು ನಿಂತವರಲ್ಲಿ ರಕ್ತ ಏಕೆ ಕಡಿಮೆಯಾಯಿತು ಎಂದು ಹುಡುಕಬೇಕು, ಕಬ್ಬಿಣದ ಮಾತ್ರೆ ಬರೆದು ಕೈತೊಳೆದುಕೊಳ್ಳಬಾರದು. ಎಂಡೋಸ್ಕೋಪಿಯಲ್ಲಿ ಜಠರ ಸರಿಯಿದ್ದರೆ ಮಲದಲ್ಲಿ ರಕ್ತ ಹೋಗುತ್ತಿದೆಯೇ, ದೊಡ್ಡ ಕರುಳಿನಲ್ಲಿ ತೊಂದರೆಯಿದೆಯೇ ಎಂದು ನೋಡುವಂತೆ ಕೇಳಿ. ಎದೆನೋವು ನಡೆದಾಗ, ಮೆಟ್ಟಿಲು ಹತ್ತಿದಾಗ ಬರುವಂತಾದರೆ, ಎಡತೋಳಿಗೋ ದವಡೆಗೋ ಹರಿದರೆ, ಬೆವರಿದರೆ, ಹಿಂದಿನ ರಿಪೋರ್ಟ್ ನಾರ್ಮಲ್ ಇತ್ತೆಂದು ಕಾಯಬೇಡಿ.

ಇದರ ಜೊತೆಜೊತೆಗೇ ಮನಸ್ಸಿನ ಕಡೆಯೂ ಗಮನ ಇರಲಿ. ಒಂದು ಮುಗಿದ ಮೇಲೆ ಇನ್ನೊಂದು ಎಂದು ಸರದಿ ಹಚ್ಚಬೇಡಿ. ಬಿಗಿತ ಬಂದಾಗ ಕುಳಿತು, ಹೊಟ್ಟೆಯ ಮೇಲೆ ಕೈಯಿಟ್ಟು, ಉಸಿರನ್ನು ಒಳಗೆಳೆಯುವುದಕ್ಕಿಂತ ಹೊರಬಿಡುವುದಕ್ಕೆ ಹೆಚ್ಚು ಹೊತ್ತು ತೆಗೆದುಕೊಳ್ಳುವುದನ್ನು ಅಭ್ಯಾಸ ಮಾಡಿಸಿ. ಮಾತನಾಡಬೇಕೆನಿಸಿದರೆ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತನಾಡುತ್ತಾರೆ, ಹಣ ಕೊಡಬೇಕಾಗಿಲ್ಲ. ಈ ಸೇವೆಗೆ ದೇಶದ ಮಟ್ಟದಲ್ಲಿ ಮಾರ್ಗದರ್ಶನ ಮಾಡುವುದು ನಮ್ಮ ಬೆಂಗಳೂರಿನ ನಿಮ್ಹಾನ್ಸ್. ಕೊನೆಯದಾಗಿ, ಇದು ಔಷಧದ ಚೀಟಿಯಲ್ಲಿ ಬರುವುದಿಲ್ಲವಾದ್ದರಿಂದ ಹೇಳುತ್ತಿದ್ದೇನೆ: ವಾರದಲ್ಲಿ ಮೂರು ರಾತ್ರಿಯಾದರೂ ಹಾಲ್‌ನ ಚಾಪೆಯ ಮೇಲೆ ಅಮ್ಮನ ಬದಲು ನೀವೋ ನಿಮ್ಮ ತಂದೆಯವರೋ ಮಲಗಿ, ಅವರಿಗೆ ಒಳಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಮಲಗಲು ಬಿಡಿ. ಬಾಗಿಲಿಗೆ ಕಟ್ಟುವ ಸಣ್ಣ ಬ್ಯಾಟರಿ ಗಂಟೆಗಳು ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಸಿಗುತ್ತವೆ. ಅಜ್ಜಿ ಬಾಗಿಲು ತೆಗೆದರೆ ಯಾರು ಮಲಗಿದ್ದರೂ ಎಚ್ಚರವಾಗುತ್ತದೆ.